ವರ್ಷಕ್ಕೊಂದು ಅಬ್ಬಾ

ನಾನು ಮದುವೆಯಾಗಿ ಈ ಊರಿಗೆ ಬಂದ ದಿನವೇ ಮಾನ ಕಳೆದುಕೊಂಡವಳು. ಬಸ್ಸಿಳಿದು, ಟ್ರಂಕು ಕೆಳಗಿಟ್ಟು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ "ಅಬ್ಬಾ, ಎಂಥ ಸೆಕೆ!" ಎಂದುಬಿಟ್ಟೆ. ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ಒಮ್ಮೆಗೇ ನನ್ನ ಕಡೆ ತಿರುಗಿದರು. ಕಡಲೆಕಾಯಿ ಮಾರುವವಳು ಪೊಟ್ಟಣ ಕಟ್ಟುವುದನ್ನು ಅಷ್ಟಕ್ಕೇ ನಿಲ್ಲಿಸಿದಳು. ನನ್ನ ಗಂಡ ಧರಣೇಂದ್ರ, ಎರಡನೇ ಸಲದ ಮದುಮಗನಾದರೂ ಗತ್ತಿಗೇನೂ ಕಡಿಮೆಯಿಲ್ಲದೆ ನಿಂತಿದ್ದವನು, ಹಣೆ ಚಚ್ಚಿಕೊಂಡ.

"ಹೋಯ್ತು," ಎಂದ.

"ಏನು ಹೋಯ್ತು?"

"ನಿನ್ನ ವರ್ಷದ್ದು. ಹೋಗಿ ಹೋಗಿ ಸೆಕೆಗೆ ಹೋಯ್ತಲ್ಲೇ!"

ಈ ಊರಿನಲ್ಲಿ ಒಬ್ಬರಿಗೆ ವರ್ಷಕ್ಕೆ ಒಂದೇ ಅಬ್ಬಾ. ಯುಗಾದಿಯ ಬೆಳಗ್ಗೆ ಬೇವುಬೆಲ್ಲ ಬಾಯಿಗಿಟ್ಟಾಗ ಹೊಸದು ಬರುತ್ತದೆ. ಒಮ್ಮೆ ಹೇಳಿದಿರೋ, ಮುಂದಿನ ಯುಗಾದಿಯ ತನಕ ಬಾಯಿ ತೆರೆದರೆ ಬರೀ ಗಾಳಿ. ಅಯ್ಯೋ, ಓಹೋ, ಅಯ್ಯಯ್ಯೋ ಎಷ್ಟು ಬೇಕಾದರೂ ಇವೆ. ಅವಕ್ಕೆ ಮಿತಿಯಿಲ್ಲ, ಹಾಗಾಗಿ ಮರ್ಯಾದೆಯೂ ಇಲ್ಲ. ಬರೆದರೆ ಖರ್ಚಾಗುವುದಿಲ್ಲ, ಅದಕ್ಕೇ ನಾನಿಲ್ಲಿ ಇಷ್ಟು ಧಾರಾಳವಾಗಿ ಬರೆಯುತ್ತಿದ್ದೇನೆ. ಮಾತಿನಲ್ಲಿ ಮಾತ್ರ ಆ ಪದವನ್ನು ಯಾರೂ ಎತ್ತುವುದಿಲ್ಲ, "ವರ್ಷದ್ದು" ಎನ್ನುತ್ತಾರೆ. "ನಿಮ್ಮ ವರ್ಷದ್ದು ಇದೆಯಾ?" ಎಂದು ಕೇಳುವುದು ಇಲ್ಲಿ "ಊಟ ಆಯ್ತಾ?" ಎಂದು ಕೇಳಿದಷ್ಟೇ ಸಹಜ.

ಜನ ಇದಕ್ಕೆ ಹೊಂದಿಕೊಂಡಿರುವ ರೀತಿಯೇ ಚೆಂದ. ಮದುವೆಮನೆಯಲ್ಲಿ ಹೆಣ್ಣು ಹಸೆಗೆ ಬಂದಾಗ ನೆಂಟರೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲಿಲ್ಲ. ಸೂಲಗಿತ್ತಿ ನಾಗವ್ವ ಹೆರಿಗೆ ಮಾಡಿಸುವಾಗ ಬಾಯಲ್ಲಿ ಒಂದು ಅಡಿಕೆ ಕಚ್ಚಿಕೊಂಡಿರುತ್ತಾಳೆ. ಎಲ್ಲಿಂದಲೋ ಬಂದ ಜಾದೂಗಾರನೊಬ್ಬ ತನ್ನ ಹೆಂಡತಿಯನ್ನು ಪೆಟ್ಟಿಗೆಯಲ್ಲಿಟ್ಟು ಎರಡು ತುಂಡು ಮಾಡಿದರೂ ಊರವರು ಕೈಯಿಂದ ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಿದ್ದರಂತೆ. ಅವನು ಅವಳನ್ನು ಮತ್ತೆ ಜೋಡಿಸಿಕೊಂಡು, ಬೈಯುತ್ತಾ, ಸಂಜೆಯ ಬಸ್ಸಿಗೇ ಹೋದನಂತೆ. ಎದುರುಮನೆಯ ಪಾಯಪ್ಪನ ಹಿತ್ತಲಲ್ಲಿ ಒಂದು ವರ್ಷ ಸೊಂಟದೆತ್ತರದ ಕುಂಬಳಕಾಯಿ ಬಿಟ್ಟು ಅವನ ವರ್ಷದ್ದು ಅದಕ್ಕೇ ಹೋಯಿತು. ಇವತ್ತಿಗೂ ಅವನನ್ನು ಕರೆಯುವುದು ಕುಂಬಳದ ಪಾಯಪ್ಪ ಎಂದೇ.

ಇಷ್ಟೆಲ್ಲ ಬಿಗಿಹಿಡಿದು ಉಳಿಸಿಕೊಳ್ಳುವುದು ಯಾತಕ್ಕೆ ಎಂದರೆ, "ದೂರಯಾನ"ಕ್ಕೆ. ದೀಪಾವಳಿ ಕಳೆದ ಮೊದಲ ಭಾನುವಾರ ಮಧ್ಯಾಹ್ನ ಆ ಸೀರಿಯಲ್ಲಿನ ಹೊಸ ಸೀಸನ್ ಶುರುವಾಗುತ್ತದೆ. ಕಮಾಂಡರ್ ವೈಶಾಖಿ, ಅವಳ ಆಕಾಶನೌಕೆ "ಹಂಸೆ", ಒಂಟಿಕಣ್ಣಿನ ರೋಬೋ ಟಿಂಗ್ಣ. ಈಗ ಮೊಮ್ಮಕ್ಕಳನ್ನು ಆಡಿಸುತ್ತಿರುವವರು ತಮ್ಮ ಮಕ್ಕಳು ಚಿಕ್ಕವರಿದ್ದಾಗಿನಿಂದ ಇದನ್ನು ನೋಡುತ್ತಾ ಬಂದಿದ್ದಾರೆ. ಯುವಕ ಸಂಘದ ಹಾಲಿನ ಕಿಟಕಿಗಳಿಗೆ ಜಮಖಾನ ಹೊಡೆದು ಕತ್ತಲು ಮಾಡಿ, ಇಡೀ ಊರು ಒಂದೇ ಪರದೆಯ ಮುಂದೆ ಕೂರುತ್ತದೆ. ಮೊದಲ ಕಂತಿನಲ್ಲಿ ಎಲ್ಲೋ ಒಂದು ಕಡೆ, ಬರೆದವರು ಹೇಗೆ ಬರೆಯುತ್ತಾರೋ, ಮಾಡಿದವರು ಹೇಗೆ ಮಾಡುತ್ತಾರೋ, ಎಲ್ಲರ ವರ್ಷದ್ದೂ ಒಟ್ಟಿಗೇ ಹೋಗುತ್ತದೆ. ಆ ಸದ್ದು ಹೊರಟಾಗ ಹಾಲಿನ ಹೆಂಚುಗಳು ಕದಲುತ್ತವೆ. ಹೋದ ವರ್ಷ ಅದನ್ನು ಕೇಳುತ್ತಾ ನಾನೊಬ್ಬಳೇ ಬಾಯಲ್ಲಿ ಬರೀ ಗಾಳಿ ಇಟ್ಟುಕೊಂಡು ಕೂತಿದ್ದೆ. ಸತ್ಯ ಹೇಳುತ್ತೇನೆ, ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಎಂದೂ ಕೂತಿರಲಿಲ್ಲ.

ಮನೆಯ ಸಮಾಚಾರಕ್ಕೆ ಬರುತ್ತೇನೆ. ಧರಣೇಂದ್ರನಿಗೆ ಸೈಕಲ್ ಅಂಗಡಿ. ಅವನ ಮೊದಲ ಹೆಂಡತಿ ಚಂದನಾ ಜ್ವರದಲ್ಲಿ ತೀರಿಕೊಂಡಾಗ ಮಗಳು ಪದ್ಮಲಾ ಇನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸಿನವಳು. ನಾನು ಬರುವ ಹೊತ್ತಿಗೆ ಲಂಗದ ಅಂಚು ಬಿಚ್ಚಿ ಉದ್ದ ಮಾಡುವಷ್ಟು ಬೆಳೆದಿದ್ದಳು. ಜಗಳಗಂಟಿಯಲ್ಲ, ಹಟಮಾರಿಯಲ್ಲ. ಬಡಿಸಿದ್ದು ಉಣ್ಣುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು. ಆದರೆ ನನ್ನನ್ನು ಏನೂ ಎಂದು ಕರೆಯುತ್ತಿರಲಿಲ್ಲ. ಅಮ್ಮ ಬೇಡ, ಚಿಕ್ಕಮ್ಮ ಎನ್ನಬಹುದಿತ್ತು, ಅದೂ ಇಲ್ಲ. ಅಪ್ಪನ ಹತ್ತಿರ ಮಾತಾಡುವಾಗ "ಇವರು" ಎನ್ನುತ್ತಿದ್ದಳು. "ಇವರು ಊಟಕ್ಕೆ ಕರೀತಿದ್ದಾರೆ." ಪಕ್ಕದಲ್ಲೇ ನಿಂತ ನಾನು ಸೌಟು ಹಿಡಿದುಕೊಂಡು "ಇವರು" ಆಗಿರುತ್ತಿದ್ದೆ.

ಪಕ್ಕದ ಮನೆಯೇ ಚಂದನಾಳ ತವರು. ಅಲ್ಲಿ ಅವಳ ತಾಯಿ ಮರುದೇವಮ್ಮ. ಗಟ್ಟಿ ಎಲುಬಿನ ಮುದುಕಿ, ನಾಲಿಗೆಯೂ ಅಷ್ಟೇ ಗಟ್ಟಿ. ಮಗಳು ಹೋದಮೇಲೆ ಆಕೆಗೆ ಉಳಿದದ್ದು ಎರಡೇ: ಮೊಮ್ಮಗಳು ಮತ್ತು ಕಮಾಂಡರ್ ವೈಶಾಖಿ. ಚಂದನಾಳನ್ನು ಮಡಿಲಲ್ಲಿ ಕೂರಿಸಿಕೊಂಡು ಮೊದಲ ಸೀಸನ್ ನೋಡಿದವಳು ಆಕೆ. ಚಂದನಾ ಆಮೇಲೆ ಪದ್ಮಲಾಳನ್ನು ಹಾಗೆಯೇ ಕೂರಿಸಿಕೊಂಡು ನೋಡಿದ್ದಳು. ಆ ಮನೆಯಲ್ಲಿ ವೈಶಾಖಿ ಎಂದರೆ ಪರದೆಯ ಮೇಲಿನ ಹೆಂಗಸಲ್ಲ, ಹತ್ತಿರದ ನೆಂಟಳು.

ಹೋದ ಸೀಸನ್ನಿನ ಕೊನೆಯಲ್ಲಿ ಆ ವೈಶಾಖಿ ಹಂಸೆಯನ್ನು ಉಳಿಸಲು ಒಬ್ಬಳೇ ಕಪ್ಪುಸುಳಿಯೊಳಗೆ ನಡೆದುಹೋದಳು. ಊರಿನಲ್ಲಿ ಮೂರು ದಿನ ಯಾರೂ ಸರಿಯಾಗಿ ಅಡುಗೆ ಮಾಡಲಿಲ್ಲ. ವಾಪಸ್ ಬಂದೇ ಬರ್ತಾಳೆ ಎಂದು ಎಲ್ಲರೂ ನಂಬಿಕೊಂಡಿದ್ದಾಗ, ಮಹಾನವಮಿಯ ಹೊತ್ತಿಗೆ ಸುದ್ದಿ ಬಂತು. ವೈಶಾಖಿ ಮುಗಿದಳು, ಆ ನಟಿಗೆ ವಯಸ್ಸಾಯಿತು, ಇನ್ನು ಮೇಲೆ ಹಂಸೆಗೆ ಹೊಸ ಕಮಾಂಡರ್, ಹೆಸರು ರೋಹಿಣಿ.

ಮರುದೇವಮ್ಮ ಜಗಲಿಯ ಮೇಲೆ ಕೂತು ಸಾರಿದಳು. "ಒಂದು ಮುಖ ಹೋದ ಕೂಡ್ಲೆ ಇನ್ನೊಂದು ಮುಖ ತಂದು ಅದೇ ಕುರ್ಚಿ ಮೇಲೆ ಕೂರಿಸಿದ್ರೆ ಅವಳೇ ಇವಳಾಗ್ಬಿಡ್ತಾಳಾ? ನಮ್ಮ ಕೇರಿಯೋರು ಯಾರೂ ಆ ಹೊಸಬಳಿಗೆ ವರ್ಷದ್ದು ಕೊಡಕೂಡದು. ಬಾಯಿಗೆ ಬಟ್ಟೆ ಕಟ್ಕೊಂಡು ಹೋಗೋಣ." ಆ ಹೊತ್ತಿಗೆ ನಾನು ಕೊಡ ಹೊತ್ತು ಅದೇ ಜಗಲಿಯ ಮುಂದೆ ಹೋಗುತ್ತಿದ್ದೆ. ಮಾತು ಆಕಾಶನೌಕೆಯದ್ದೇ, ಆದರೆ ಬಂದು ಕೂತದ್ದು ನನ್ನ ಎದೆಗೆ.

ಅದು ಅಲ್ಲಿಗೇ ನಿಲ್ಲಲಿಲ್ಲ. ಒಂದು ಸಂಜೆ ಮುದುಕಿ ನಮ್ಮ ಮನೆಗೇ ಬಂದು, ನೀರು ಕೂಡ ಕುಡಿಯದೆ, ಅಳಿಯನಿಗೆ ಹೇಳಿದಳು. "ಹುಡುಗಿ ಬಾಯಲ್ಲಿ ಈ ಮನೇಲಿ ನಾಲ್ಕು ಮಾತು ಬರಲ್ಲ ಧರಣೇಂದ್ರ. ನಿನ್ನ ಹೆಂಡ್ತೀನ ನಾನು ಕೆಟ್ಟವಳು ಅಂತಿಲ್ಲ. ಸೇರ್ಕೊಳ್ಳಲಿಲ್ಲ ಅಂದ್ರೆ ಸೇರ್ಕೊಳ್ಳಲಿಲ್ಲ, ಅಷ್ಟೆ. ಸೀರಿಯಲ್ ಶುರುವಾದ ಮಾರನೇ ದಿನ ಬಟ್ಟೆಬರೆ ಕಟ್ಟಿ ಕಳಿಸು, ನನ್ನ ಹತ್ರ ಬೆಳೀಲಿ." ಧರಣೇಂದ್ರ ನನ್ನ ಮುಖ ನೋಡಿದ. ನನಗೆ ಏನು ಹೇಳಲೂ ಹಕ್ಕಿಲ್ಲ ಎನ್ನಿಸಿತು. ಒಳಕೋಣೆಯ ಬಾಗಿಲಲ್ಲಿ ಪದ್ಮಲಾ ನಿಂತಿದ್ದಳು. ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎಂದೂ ಹೇಳಲಿಲ್ಲ.

ಅವಳು ಹೋದರೆ ಪಕ್ಕದ ಮನೆಗೆ ತಾನೆ, ನಡುವೆ ಒಂದು ಗೋಡೆ, ಎಂದು ನನಗೆ ನಾನೇ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ. ಆ ಹುಡುಗಿ ನನಗೆ ಬೇಕಾಗಿದ್ದಳು. ಮಾತಾಡದೆ ತಟ್ಟೆ ತೊಳೆದಿಡುವ ಅವಳ ಆ ರೀತಿಯೇ ನನಗೆ ಅಭ್ಯಾಸವಾಗಿ, ಅಭ್ಯಾಸ ಪ್ರೀತಿಯಾಗಿ ಎಷ್ಟೋ ತಿಂಗಳಾಗಿತ್ತು.

ಭಾನುವಾರ ಬಂತು. ಈ ಸಲ ನನ್ನ ವರ್ಷದ್ದು ನನ್ನ ಬಳಿಯೇ ಇತ್ತು. ಯುಗಾದಿಯಿಂದ ಅದನ್ನು ಕಾಪಾಡಿಕೊಂಡು ಬಂದದ್ದಕ್ಕೆ ಎಷ್ಟು ಸಲ ತುಟಿ ಕಚ್ಚಿಕೊಂಡಿದ್ದೆನೋ. ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಕೇರಿಯ ಸಾಲು ಮಾತ್ರ ನೋಡಲು ಒಂದು ಥರ ಇತ್ತು. ಒಬ್ಬನಿಗೆ ಟವೆಲ್ಲು, ಒಬ್ಬನಿಗೆ ಮಫ್ಲರು, ಪಾಯಪ್ಪನಿಗೆ ಹೆಂಡತಿಯ ರವಿಕೆಯ ತುಂಡು. ಮರುದೇವಮ್ಮ ದಪ್ಪ ಪಂಚೆಯನ್ನು ಎರಡು ಸುತ್ತು ಬಿಗಿದು, ಅದರ ಮೇಲೆ ಕಾಣುವ ಕಣ್ಣುಗಳಲ್ಲೇ ಎಲ್ಲರನ್ನೂ ಕಾವಲು ಕಾಯುತ್ತಿದ್ದಳು. ಪದ್ಮಲಾ ಶಾಲೆಯ ನೀಲಿ ಸ್ಕಾರ್ಫು ಕಟ್ಟಿಕೊಂಡಿದ್ದಳು, ಎಲ್ಲರಿಗಿಂತ ಬಿಗಿಯಾಗಿ. ಇಷ್ಟು ಬಿಗಿ ಬಾಯಿ ಯಾರ ಮೇಲಿನ ಸಿಟ್ಟಿಗೆ ಎಂದು ನನಗೆ ಗೊತ್ತಿದೆ ಎಂದುಕೊಂಡೆ. ನಾನು ಅವಳ ಪಕ್ಕದಲ್ಲೇ, ಮುದುಕಿ ಅವಳ ಆಚೆ ಬದಿಗೆ.

ಕಂತು ಶುರುವಾಯಿತು. ಮೊದಲಿಗೆ ಪರದೆ ಪೂರ್ತಿ ಕಪ್ಪು, ಯಾರೋ ಉಸಿರಾಡುವ ಸದ್ದು ಮಾತ್ರ. ಆಮೇಲೆ ಟಿಂಗ್ಣನ ಹಸಿರು ಕಣ್ಣು ಹೊತ್ತಿಕೊಂಡಿತು. ಅಷ್ಟಕ್ಕೇ ಹಾಲಿನಲ್ಲಿ ಅರ್ಧ ಜನ ಮೂಗೆಳೆದರು. ಹಂಸೆ ಸುಳಿಯ ಅಂಚಿನಲ್ಲಿ ಓರೆಯಾಗಿ ಬಿದ್ದಿದೆ, ಒಳಗಿನವರು ಸೋತು ಸುಣ್ಣವಾಗಿದ್ದಾರೆ. ಒಂದು ಸಣ್ಣ ದೋಣಿಯಲ್ಲಿ ರೋಹಿಣಿ ಬಂದು ಬಾಗಿಲು ತಟ್ಟುತ್ತಾಳೆ. ಕುಳ್ಳಿ, ದುಂಡು ಮುಖ, ಕೂದಲು ಅಡ್ಡಾದಿಡ್ಡಿ. ವೈಶಾಖಿಯ ಠೀವಿ ಎಲ್ಲಿ, ಇವಳೆಲ್ಲಿ! ಯಾರೂ ಎದ್ದು ನಿಲ್ಲುವುದಿಲ್ಲ, ಟಿಂಗ್ಣ ಬೆನ್ನು ತಿರುಗಿಸಿಕೊಳ್ಳುತ್ತಾನೆ. ಮರುದೇವಮ್ಮ ಪಂಚೆಯೊಳಗಿಂದ "ಹೂಂ" ಎಂದಳು.

ವೈಶಾಖಿಯ ಕುರ್ಚಿ ಖಾಲಿ ಇತ್ತು. ಅದರ ಬೆನ್ನಿಗೆ ಅವಳ ಶಾಲು ಇನ್ನೂ ಹಾಗೇ. ರೋಹಿಣಿ ಆ ಕುರ್ಚಿಯ ಮುಂದೆ ಬಂದು ನಿಂತಾಗ ಹಾಲಿನಲ್ಲಿ ಉಸಿರು ನಿಂತಿತು. ಕೂತಿದ್ದಿದ್ದರೆ ನಮ್ಮವರು ಪರದೆ ಹರಿದುಹಾಕುತ್ತಿದ್ದರೋ ಏನೋ. ಅವಳು ಕೂರಲಿಲ್ಲ. ಶಾಲು ಜಾರಿದ್ದನ್ನು ಸರಿಮಾಡಿ, ಮೂಲೆಯಿಂದ ಒಂದು ಕಬ್ಬಿಣದ ಪೆಟ್ಟಿಗೆಯನ್ನು ದರದರ ಎಳೆದು ತಂದು, ಕುರ್ಚಿಯ ಪಕ್ಕದಲ್ಲಿಟ್ಟು, ಅದರ ಮೇಲೆ ಕೂತಳು. ಕೂತು ಟಿಂಗ್ಣನನ್ನು ಕೇಳಿದಳು. "ಅವರು ನಿನ್ನನ್ನ ಮುದ್ದಿಗೆ ಏನಂತ ಕರೀತಿದ್ರು?" ಟಿಂಗ್ಣ "ಹೇಳಲ್ಲ" ಎಂದ. "ಆಯ್ತು, ಹೇಳ್ಬೇಡ. ಅದು ನಿನ್ನದೇ ಇರಲಿ," ಎಂದಳು ರೋಹಿಣಿ.

ನನ್ನ ಕಣ್ಣಲ್ಲಿ ದಳದಳ ನೀರು. ಬರೆದವರು ಯಾರೋ, ಎಲ್ಲಿಯವರೋ, ಅವರ ಕೈಗೆ ಮುತ್ತಿಡಬೇಕು ಎನ್ನಿಸಿತು. ಆ ಕಬ್ಬಿಣದ ಪೆಟ್ಟಿಗೆ ಎಷ್ಟು ಗಟ್ಟಿ, ಕೂತರೆ ಎಷ್ಟು ಒತ್ತುತ್ತದೆ ಎಂದು ಆ ಹಾಲಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನಮ್ಮ ಸಾಲಿನಲ್ಲಿ ಒಂದಿಬ್ಬರು ಟವೆಲ್ಲು ಸಡಿಲಿಸಿಕೊಂಡರು. ಮುದುಕಿ ಕಣ್ಣು ಕೆಕ್ಕರಿಸಿದಳು, ಅವರು ಮತ್ತೆ ಬಿಗಿದುಕೊಂಡರು.

ಮುಂದಿನದನ್ನು ಹೇಳಿದರೆ ಅರ್ಧವೂ ಬರುವುದಿಲ್ಲ, ನೋಡಬೇಕು. ಸುಳಿ ಹಂಸೆಯನ್ನು ನುಂಗಲು ಎಳೆಯುತ್ತಿದೆ. ಎಲ್ಲರೂ ಹಿಂದಕ್ಕೆ ಹಿಂದಕ್ಕೆ ಎಂದು ಕೂಗುತ್ತಿದ್ದಾರೆ. ರೋಹಿಣಿ ಇಂಜಿನ್ನುಗಳನ್ನೇ ಆರಿಸಿಬಿಡುತ್ತಾಳೆ. "ಅವರು ಇದೇ ದಾರೀಲಿ ಹೋಗಿದ್ದಾರೆ. ಅವರಿಗೆ ಭಯ ಆಗದ ದಾರಿ ನಮಗ್ಯಾಕೆ ಭಯ?" ಎನ್ನುತ್ತಾಳೆ. ನೌಕೆ ಬೀಳುತ್ತದೆ, ಬೀಳುತ್ತದೆ, ಸದ್ದೇ ಇಲ್ಲ. ಆಮೇಲೆ ಒಮ್ಮೆಗೇ ಬೆಳಕು. ಸುಳಿಯ ಆಚೆ ಒಂದು ಲೋಕ, ಅಲ್ಲಿ ಸಮುದ್ರದಿಂದ ಆಕಾಶಕ್ಕೆ ಮಳೆ ಸುರಿಯುತ್ತಿದೆ! ಕೆಳಗಿನಿಂದ ಮೇಲಕ್ಕೆ. ಒಂದೊಂದು ಹನಿಯೊಳಗೂ ಒಂದೊಂದು ದೀಪ. ಆ ಕೋಟಿ ಹನಿಗಳ ನಡುವೆ ಹಂಸೆ ಕೂಡ, ಒಂದು ಹನಿಯ ಹಾಗೆ, ಮೆಲ್ಲಗೆ ಮೇಲೇರುತ್ತಿದೆ.

"ಅಬ್ಬಾ!"

ಇಡೀ ಹಾಲು ಒಂದೇ ಬಾಯಾಗಿ ಎಂದಿತು. ಹೆಂಚು ಕದಲಿದವು, ಜಮಖಾನಗಳು ಅಲುಗಿದವು, ತೊಲೆಯ ಮೇಲಿನ ಪಾರಿವಾಳಗಳು ಪಟಪಟ ಹಾರಿದವು. ಟವೆಲ್ಲು ಮಫ್ಲರುಗಳು ಎಲ್ಲಿ ಹೋದವೋ ಆ ದೇವರೇ ಬಲ್ಲ. ಎರಡು ಸುತ್ತಿನ ಪಂಚೆಯನ್ನು ಸೀಳಿಕೊಂಡು ಮರುದೇವಮ್ಮನ ಅಬ್ಬಾ ಎಲ್ಲರಿಗಿಂತ ಜೋರಾಗಿ ಬಂತು. ಬಂದ ಮರುಕ್ಷಣವೇ ಆಕೆ ಸುತ್ತ ನೋಡಿ, "ಅದು ಮಳೆಗೆ ಹೋಯ್ತು. ಆ ಹೊಸಬಳಿಗಲ್ಲ!" ಎಂದು ಸ್ಪಷ್ಟೀಕರಣ ಕೊಟ್ಟಳು.

ನನ್ನದು ಹೋಗಿರಲಿಲ್ಲ. ನಾನು ಮಳೆಯನ್ನು ಅರ್ಧ ಮಾತ್ರ ನೋಡಿದ್ದೆ. ಆ ಕ್ಷಣದಲ್ಲಿ ನನಗೆ ಪದ್ಮಲಾಳ ಮುಖ ಬೇಕಾಗಿತ್ತು, ತಿರುಗಿ ಅವಳನ್ನೇ ನೋಡುತ್ತಿದ್ದೆ. ಕಣ್ಣು ಇಷ್ಟಗಲ ಅರಳಿ, ಪರದೆಯ ಬೆಳಕೆಲ್ಲ ಅದರಲ್ಲೇ ತುಂಬಿತ್ತು. ಆದರೆ ಸ್ಕಾರ್ಫು ಬಿಚ್ಚಿರಲಿಲ್ಲ. ಎರಡೂ ಕೈಯಿಂದ ಅದನ್ನು ಬಾಯಿಗೆ ಒತ್ತಿಹಿಡಿದಿದ್ದಳು.

ಅಷ್ಟರಲ್ಲಿ ಪರದೆಯ ಮೇಲೆ ಜಾಹೀರಾತು ಬಂತು, ಹಾಲಿನ ತುಂಬ ಗಲಾಟೆ ಎದ್ದಿತು. ಶುರುವಿನಲ್ಲಿ ಸ್ವಲ್ಪ ಎಳೆದರು ಎಂದು ಒಬ್ಬರು, ಎಳೆಯದಿದ್ದರೆ ಆ ಬೀಳುವುದಕ್ಕೆ ಬೆಲೆ ಎಲ್ಲಿರುತ್ತಿತ್ತು ಎಂದು ಇನ್ನೊಬ್ಬರು. ಮಳೆ ಮೇಲಕ್ಕೆ ಹೋಗಲು ವಿಜ್ಞಾನದಲ್ಲಿ ಅವಕಾಶವೇ ಇಲ್ಲ ಎಂದು ಹೈಸ್ಕೂಲಿನ ಮೇಷ್ಟ್ರು, "ಹಾಗಾದ್ರೆ ನೀವ್ಯಾಕೆ ಕಿರುಚಿದ್ರಿ ಸಾರ್?" ಎಂದು ಪಾಯಪ್ಪ. ಇಷ್ಟು ವರ್ಷದಲ್ಲಿ ಇಂಥ ಶುರು ಬಂದಿಲ್ಲ ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿರಲಿಲ್ಲ.

ಮರುದೇವಮ್ಮ ಮೊಮ್ಮಗಳ ಕಡೆ ತಿರುಗಿದಳು. "ಇನ್ಯಾಕೆ ಬಟ್ಟೆ? ಎಲ್ಲರದ್ದೂ ಹೋಯ್ತು, ನೀನೂ ಹೇಳ್ಬಿಡೇ!" ಎಂದು ಸ್ಕಾರ್ಫು ಕೆಳಗೆಳೆದಳು. ಪದ್ಮಲಾ ಬಾಯಿ ತೆರೆದಳು. ಬರೀ ಗಾಳಿ ಬಂತು.

ಹಿಂದುಮುಂದಿನ ಸಾಲಿನವರು ತಿರುಗಿ ನೋಡಿದರು. ಆ ವಯಸ್ಸಿನ ಹುಡುಗಿಯ ವರ್ಷದ್ದು ಗುಟ್ಟಾಗಿ ಹೋಗಿದೆ ಎಂದರೆ ಊರು ಏನು ಮಾತಾಡುತ್ತದೆ ಎಂದು ಹೇಳಬೇಕಾಗಿಲ್ಲ. ಯಾರೋ ಕಿಸಕ್ಕೆಂದರು. ಮುದುಕಿಯ ಮುಖ ಬಿಳಿಚಿತು. "ಖಾಲಿ? ಯಾವಾಗ ಹೋಯ್ತೇ? ಯಾರಿಗೆ ಹೋಯ್ತು? ಬಾಯಿಬಿಡು!"

ಪದ್ಮಲಾ ತಲೆ ತಗ್ಗಿಸಿಕೊಂಡು ಅಳತೊಡಗಿದಳು. ನಾನು ಏನೂ ಯೋಚಿಸದೆ ನಡುವೆ ಕೈ ಚಾಚಿ, "ಹೋದ್ರೆ ಹೋಯ್ತು ಬಿಡಿ ಅಮ್ಮ, ಯಾರಿಗಾದ್ರೂ ಹೋಗ್ಲಿ, ಅದು ಅವಳದು," ಎಂದೆ. ಮುದುಕಿ ನನ್ನನ್ನು ನುಂಗುವ ಹಾಗೆ ನೋಡಿದಳು. ಆಗ ಪದ್ಮಲಾ, ತಲೆ ಎತ್ತದೆ, ಒಂದೇ ಉಸಿರಿಗೆ ಹೇಳಿದಳು.

"ಶ್ರಾವಣದಲ್ಲಿ. ಅಪ್ಪ ಊರಲ್ಲಿರಲಿಲ್ಲ. ಇವರು ಅಂಗಡಿಯಿಂದ ಒಂದು ಸೈಕಲ್ ತಗೊಂಡು ಕಣದ ಬಯಲಲ್ಲಿ ಹೊಡೀತಿದ್ರು. ಯಾರೂ ಇಲ್ಲ ಅಂದ್ಕೊಂಡಿದ್ರು, ನಾನು ಬಣವೆ ಹಿಂದೆ ಇದ್ದೆ. ಎರಡೂ ಕೈ ಬಿಟ್ಬಿಟ್ರು ಅಜ್ಜಿ! ಕೈ ಬಿಟ್ಟು, ತುಳೀತಾ ತುಳೀತಾನೇ, ಕೂದಲು ಬಿಚ್ಚಿ ಜಡೆ ಹೆಣ್ಕೊಂಡ್ರು. ಪೂರ್ತಿ ಜಡೆ. ತುದೀಗೆ ರಿಬ್ಬನ್ನೂ ಕಟ್ಟಿದ್ರು. ಸೈಕಲ್ ಒಂಚೂರೂ ಅಲುಗಾಡಲಿಲ್ಲ. ನನ್ನ ಬಾಯಿಂದ ಹೋಗ್ಬಿಡ್ತು."

ನನಗೆ ನಾಚಿಕೆಯಿಂದ ಭೂಮಿಗಿಳಿದುಹೋಗುವ ಹಾಗಾಯಿತು. ತವರೂರಿನಲ್ಲಿ ಶಾಲೆಗೆ ತಡವಾದಾಗೆಲ್ಲ ಹಾಗೆ ಮಾಡುತ್ತಿದ್ದೆ. ಆ ದಿನ ಮನೆಯಲ್ಲಿ ಉಸಿರುಕಟ್ಟಿದಂತಾಗಿ, ಇನ್ನೂ ಬರುತ್ತದೆಯೋ ಇಲ್ಲವೋ ನೋಡೋಣ ಎಂದು ಹೋಗಿದ್ದೆ. ಧರಣೇಂದ್ರ ಹಿಂದಿನ ಸಾಲಿನಿಂದ ಬಾಯಿ ಕಳೆದುಕೊಂಡು ನನ್ನನ್ನೇ ನೋಡುತ್ತಿದ್ದ.

"ದೂರಯಾನಕ್ಕೆ ಇಟ್ಕೋಬೇಕಾದ್ದನ್ನ," ಎಂದಳು ಮರುದೇವಮ್ಮ, ದನಿ ಇಳಿದುಹೋಗಿತ್ತು, "ಒಂದು ಸೈಕಲ್ಲಿಗೆ ಕೊಟ್ಟೆಯಾ?"

"ಸೈಕಲ್ ನಮ್ಮ ಅಂಗಡೀಲಿ ಬೇಕಾದಷ್ಟಿವೆ ಅಜ್ಜಿ," ಎಂದಳು ಪದ್ಮಲಾ. "ಸೈಕಲ್ಲಿಗಲ್ಲ. ಇವರಿಗೆ."

ಮುದುಕಿ ಬಿಚ್ಚಿಬಿದ್ದ ಪಂಚೆಯನ್ನು ಮಡಿಲಲ್ಲಿಟ್ಟುಕೊಂಡು ನಾಲ್ಕು ಮಡಿಕೆ ಮಾಡಿದಳು. ಕೊನೆಗೆ ನನ್ನ ಕಡೆ ನೋಡದೆಯೇ, "ಹುಡುಗಿ ಬಟ್ಟೆ ನಾಳೆ ಕಟ್ಬೇಡ. ಅಲ್ಲೇ ಇರ್ಲಿ," ಎಂದಳು.

ಏನೋ ಹೇಳಬೇಕು ಎಂದು ಬಾಯಿ ತೆರೆದೆ, ನಾನು ಅಂದುಕೊಂಡ ಮಾತು ಬರಲಿಲ್ಲ, ಅದು ಹೊರಟುಹೋಯಿತು. ಸಣ್ಣದಾಗಿ, ಮೂರನೆಯವರಿಗೆ ಕೇಳಿಸದಷ್ಟು ಮೆಲ್ಲಗೆ. "ಅಬ್ಬಾ."

ಪದ್ಮಲಾ ತಟ್ಟನೆ ತಲೆ ಎತ್ತಿದಳು. ನನ್ನನ್ನು ನೋಡಿದಳು, ಪರದೆಯನ್ನು ನೋಡಿದಳು. ಅಲ್ಲಿ ಯಾವುದೋ ಬಟ್ಟೆಸೋಪಿನ ಜಾಹೀರಾತು ಓಡುತ್ತಿತ್ತು.

"ಅಯ್ಯಯ್ಯೋ," ಎಂದಳು ಗಾಬರಿಯಿಂದ, "ಸೋಪಿಗೆ ಹೋಯ್ತಾ?"

"ಸೋಪಿಗಲ್ಲ ಕಣೇ," ಎಂದೆ.

ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸ್ಕಾರ್ಫಿನಿಂದ ಕಣ್ಣು ಒರೆಸಿಕೊಂಡು, ನಾನಿದ್ದ ಕಡೆಗೆ ಜರುಗಿ ಕೂತಳು. ಪರದೆಯ ಮೇಲೆ ಮತ್ತೆ ಹಂಸೆ ಕಾಣಿಸಿಕೊಂಡಿತು.

"ಹಾಗಾದ್ರೆ ಯುಗಾದಿ ತನಕ," ಎಂದಳು ಮೆಲ್ಲಗೆ, "ನಮ್ಮಿಬ್ಬರ ಹತ್ರಾನೂ ಇಲ್ಲ."

ನಮ್ಮಿಬ್ಬರ, ಎಂದಳು.